ವಿಕ್ಟೋರಿಯನ್ ಲಂಡನ್ನಿನ ಸೈಫೈ ಪತ್ತೇದಾರಿ ಆಡಿಯೊ ನಾಟಕ ಮಾಡುವುದು ಹೇಗೆ?

ವಿಕ್ಟೋರಿಯನ್ ಕಾಲದ ಪತ್ತೇದಾರಿ ಕಥೆ ಅಂದ ಕೂಡಲೇ ಎಲ್ಲರೂ ಮೊದಲು ಹಾಕುವುದು ಕುದುರೆ ಸದ್ದು. ಆಮೇಲೆ ಪಾರ್ಲಿಮೆಂಟ್ ಗೋಪುರದ ದೊಡ್ಡ ಗಂಟೆ ಬಿಗ್ ಬೆನ್. ಆಮೇಲೆ ಮಂಜಿನಲ್ಲಿ ಯಾರೋ ಕಿರುಚುತ್ತಾರೆ. ಅಲ್ಲಿಗೆ ಲಂಡನ್ ಮುಗಿಯಿತು, ಮುಂದೆ ಅರ್ಧ ಗಂಟೆ ಇಬ್ಬರು ಒಂದು ಕೋಣೆಯಲ್ಲಿ ಕೂತು ಮಾತಾಡುತ್ತಾರೆ. ಅದನ್ನು ಪುಸ್ತಕದಲ್ಲಿ ಓದಿದ್ದರೂ ಅಷ್ಟೇ ಮಜಾ ಸಿಗುತ್ತಿತ್ತು, ಅಲ್ವಾ? ಹಾಗಾಗಿ ಇಲ್ಲಿ ನನ್ನದು ಒಂದೇ ಹಟ: ಕೇಸು ಬಿಡಿಸುವ ಸುಳಿವು ಕಿವಿಗೆ ಬೀಳುವಂಥದ್ದೇ ಆಗಿರಬೇಕು. ವರ್ಷ, ಯಂತ್ರ, ಪಾತ್ರ, ಮೈಕು ಎಲ್ಲವನ್ನೂ ಅದಕ್ಕೆ ತಕ್ಕ ಹಾಗೆ ಆರಿಸಬೇಕು.

ಸುಮ್ನೆ ನಿಯಮ ಹೇಳುತ್ತಾ ಹೋದರೆ ತಲೆಗೆ ಹೋಗುವುದಿಲ್ಲ. ಒಂದು ಮಾದರಿ ಕಥೆಯನ್ನು ಕಟ್ಟುತ್ತಲೇ ಹೋಗೋಣ.

1. ಮೊದಲು ವರ್ಷ ಗೊತ್ತುಮಾಡಿ

ವಿಕ್ಟೋರಿಯಾ ರಾಣಿ ಆಳಿದ್ದು 1837ರಿಂದ 1901ರವರೆಗೆ. ಅಷ್ಟು ಉದ್ದದ ಕಾಲವನ್ನು ಒಂದೇ ಬಣ್ಣದಲ್ಲಿ ಬಳಿಯಲು ಆಗುವುದಿಲ್ಲ. ವರ್ಷ ಬದಲಾದರೆ ಊರಿನ ಸದ್ದೂ ಬದಲಾಗುತ್ತದೆ. ಬಿಗ್ ಬೆನ್ ಮೊದಲು ಹೊಡೆದದ್ದು 1859ರಲ್ಲಿ. ಅದೇ ವರ್ಷ ಬಿರುಕು ಬಿಟ್ಟು ಕೆಲವು ವರ್ಷ ಸುಮ್ಮನಿತ್ತು. ಆಮೇಲೆ ಗಂಟೆಯನ್ನು ಸ್ವಲ್ಪ ತಿರುಗಿಸಿ, ಹಗುರವಾದ ಸುತ್ತಿಗೆ ಹಾಕಿ ಮತ್ತೆ ಹೊಡೆಸಿದರು. ಬಿರುಕು ಇವತ್ತಿಗೂ ಹಾಗೇ ಇದೆ. ನಿಮ್ಮ ಕಥೆ 1850ರಲ್ಲಿ ನಡೆದರೆ ಬಿಗ್ ಬೆನ್ ಮಾತೇ ಇಲ್ಲ. ನೆಲದಡಿಯ ರೈಲು 1863ರಲ್ಲೇ ಪ್ಯಾಡಿಂಗ್ಟನ್‌ನಿಂದ ಫ್ಯಾರಿಂಗ್ಡನ್‌ವರೆಗೆ ಓಡಿತು, ಆದರೆ ಉಗಿ ಎಂಜಿನ್ ಕಟ್ಟಿಕೊಂಡು. ಕರೆಂಟಿನ ಸುರಂಗ ರೈಲು ಬೇಕಿದ್ದರೆ 1890ರವರೆಗೆ ಕಾಯಬೇಕು. ಟೆಲಿಫೋನ್ ಎಕ್ಸ್‌ಚೇಂಜ್ ಲಂಡನ್ನಿಗೆ ಬಂದದ್ದು 1879ರಲ್ಲಿ.

ಪತ್ತೇದಾರಿಕೆಗೂ ಇದೇ ಲೆಕ್ಕ. ಲಂಡನ್ ಪೊಲೀಸರ ಮುಖ್ಯ ಕಚೇರಿ ಸ್ಕಾಟ್ಲೆಂಡ್ ಯಾರ್ಡಿನಲ್ಲಿ ಸಿಐಡಿ, ಅಂದರೆ ಪತ್ತೇದಾರಿ ವಿಭಾಗ, ಶುರುವಾದದ್ದು 1878ರಲ್ಲಿ. ಅಲ್ಲಿ ಬೆರಳಚ್ಚು ವಿಭಾಗ ಬಂದದ್ದು 1901ರಲ್ಲಿ. ಕಲೆಯಾದ ರಕ್ತ ಮನುಷ್ಯನದ್ದೋ ಪ್ರಾಣಿಯದ್ದೋ ಎಂದು ಹೇಳುವ ಪರೀಕ್ಷೆಯೂ 1901ರದ್ದೇ. ಆರ್ಸೆನಿಕ್ ವಿಷ ಮಾತ್ರ 1836ರ ಮಾರ್ಷ್ ಪರೀಕ್ಷೆಯಿಂದಲೇ ಸಿಕ್ಕಿಬೀಳುತ್ತಿತ್ತು. ಅಂದರೆ ನಿಮ್ಮ ಪತ್ತೇದಾರನ ಹತ್ತಿರ ಲ್ಯಾಬ್ ಕಡಿಮೆ, ಕಿವಿ ಮತ್ತು ತಲೆ ಜಾಸ್ತಿ. ನಮಗೆ ಬೇಕಾದದ್ದೂ ಅದೇ.

ಇನ್ನೊಂದು ವಿಷಯ ಚೆನ್ನಾಗಿ ನೆನಪಿಡಿ, ಮುಂದೆ ಕೆಲಸಕ್ಕೆ ಬರುತ್ತದೆ. ಲಂಡನ್ನಿನ ಬೀಟ್ ಪೊಲೀಸರು, ಅಂದರೆ ಬೀದಿ ಗಸ್ತು ತಿರುಗುವವರು, ಸಹಾಯಕ್ಕೆ ಕರೆಯಲು ಶುರುವಿನಿಂದ ಇಟ್ಟುಕೊಂಡಿದ್ದದ್ದು ಮರದ ಗಿಲಕಿ. ಹಲ್ಲಿನ ಚಕ್ರದ ಮೇಲೆ ಪಟ್ಟಿ ತಿರುಗಿ ಕಟಕಟ ಎನ್ನುತ್ತದಲ್ಲ, ಅಂಥದ್ದು. ಅವರು ವಿಷಲ್‌ಗೆ ಬದಲಾದದ್ದು 1884ರ ಸುಮಾರಿಗೆ. ನಮ್ಮ ಕಥೆಗೆ 1880ರ ಜನವರಿ ಇಟ್ಟುಕೊಳ್ಳೋಣ. ಅಂದರೆ ಗಿಲಕಿಯ ಕಾಲ.

2. ಅಸಾಧ್ಯವಾದದ್ದು ಒಂದೇ ಇರಲಿ, ಅದು ಸದ್ದು ಮಾಡಲಿ

ಸೈಫೈ ಅಂದರೆ ಆಕಾಶದಲ್ಲಿ ಉಗಿ ಹಡಗು, ಹಿತ್ತಾಳೆ ರೋಬೋಟು, ಮಂಗಳದವರು, ಕಾಲಯಂತ್ರ ಎಲ್ಲವನ್ನೂ ಒಂದೇ ಸೀಸನ್ನಿಗೆ ತುರುಕುವ ಆಸೆ ಆಗುತ್ತದೆ. ಬೇಡ. ಪತ್ತೇದಾರಿ ಕಥೆ ನಿಂತಿರುವುದೇ "ಇದು ಆಗಲು ಸಾಧ್ಯ, ಇದು ಸಾಧ್ಯವಿಲ್ಲ" ಎಂಬ ಲೆಕ್ಕದ ಮೇಲೆ. ಏನು ಬೇಕಾದರೂ ಆಗಬಹುದು ಅಂತಾದರೆ ಕೇಳುಗ ಯೋಚಿಸುವುದನ್ನೇ ಬಿಡುತ್ತಾನೆ. ಒಂದು ಅಸಾಧ್ಯ ಸಾಕು. ಅದೂ ಆ ಕಾಲದ ನಿಜವಾದ ವಿಜ್ಞಾನದ ಅಂಚಿನಲ್ಲಿರಲಿ.

ನಾನು ಆರಿಸಿಕೊಂಡದ್ದು ಡೇವಿಡ್ ಎಡ್ವರ್ಡ್ ಹ್ಯೂಸ್ ಎಂಬ ಸಂಶೋಧಕನ ನಿಜ ಕಥೆ. 1878ರಲ್ಲಿ ಕಾರ್ಬನ್ ಮೈಕ್ರೊಫೋನನ್ನು ಲೋಕಕ್ಕೆ ತೋರಿಸಿದವರಲ್ಲಿ ಈತ ಮುಖ್ಯ. 1879ರಲ್ಲಿ ಅವನ ಮನೆಯಲ್ಲಿ ಒಂದು ಉಪಕರಣ ಕಿಡಿ ಹಾರಿಸುತ್ತಿದ್ದಾಗ, ಅದಕ್ಕೆ ತಂತಿಯನ್ನೇ ಜೋಡಿಸದ ಇನ್ನೊಂದು ಟೆಲಿಫೋನಿನಲ್ಲಿ ಟಿಕ್ ಟಿಕ್ ಅಂತ ಕೇಳಿಸಿತು. ಆತ ಆ ಟೆಲಿಫೋನನ್ನು ಕಿವಿಗೆ ಹಿಡಿದುಕೊಂಡು ಗ್ರೇಟ್ ಪೋರ್ಟ್‌ಲೆಂಡ್ ಸ್ಟ್ರೀಟಿನಲ್ಲಿ ಮೇಲೆ ಕೆಳಗೆ ನಡೆದ. ಸುಮಾರು 500 ಗಜ ದೂರದವರೆಗೂ ಟಿಕ್ ಕೇಳಿಸುತ್ತಿತ್ತು. 1880ರ ಫೆಬ್ರವರಿಯಲ್ಲಿ ರಾಯಲ್ ಸೊಸೈಟಿಯ ದೊಡ್ಡವರು ಬಂದು ನೋಡಿ, ಇದು ಮಾಮೂಲಿ ಇಂಡಕ್ಷನ್ (ಒಂದು ತಂತಿಯ ಕರೆಂಟು ಬದಲಾದಾಗ ಹತ್ತಿರದ ಇನ್ನೊಂದರಲ್ಲೂ ಕರೆಂಟು ಹುಟ್ಟುವುದು), ಹೊಸದೇನೂ ಅಲ್ಲ ಅಂದುಬಿಟ್ಟರು. ಅದು ನಿಜಕ್ಕೂ ರೇಡಿಯೊ ಅಲೆ. ಜರ್ಮನಿಯ ವಿಜ್ಞಾನಿ ಹರ್ಟ್ಸ್ ಆ ಅಲೆಗಳನ್ನು ಸಾಬೀತು ಮಾಡಿದ್ದು ಅದಾಗಿ ಎಷ್ಟೋ ವರ್ಷದ ಮೇಲೆ. ನೋಡಿ, ಒಬ್ಬ ಮನುಷ್ಯ ಲಂಡನ್ನಿನ ಬೀದಿಯಲ್ಲಿ ಬೇರೆ ಯಾರಿಗೂ ಕೇಳಿಸದ ಸದ್ದು ಕೇಳುತ್ತಾ ನಡೆಯುತ್ತಿದ್ದಾನೆ. ಆಡಿಯೊ ನಾಟಕಕ್ಕೆ ಇದಕ್ಕಿಂತ ಒಳ್ಳೆ ಬೀಜ ಬೇಕಾ?

ಇಲ್ಲಿಂದ ಒಂದೇ ಹೆಜ್ಜೆ ಕಲ್ಪನೆಗೆ. ನಮ್ಮ ಕಥೆಯಲ್ಲಿ ಅದೇ ಬೀದಿಯ ಒಬ್ಬ ವಿಜ್ಞಾನ ಸಲಕರಣೆ ತಯಾರಕ ಇಂಥದ್ದೇ ಒಂದು ಕಿವಿಯಂತ್ರ ಮಾಡಿದ್ದಾನೆ. ಅದನ್ನು ಹಾಕಿಕೊಂಡರೆ ನೀವು ನಿಂತ ಜಾಗದಲ್ಲಿ, ಅದೇ ಹೊತ್ತಿಗೆ, ಸರಿಯಾಗಿ 5 ವರ್ಷದ ನಂತರ ಆಗುವ ಸದ್ದು ಕೇಳಿಸುತ್ತದೆ. ಅಷ್ಟೇ. ತಿರುಗಿ ಮಾತಾಡಲು ಆಗುವುದಿಲ್ಲ, ಹಿಂದಿನದು ಕೇಳಿಸುವುದಿಲ್ಲ, ಬ್ಯಾಟರಿ ಕೆಲವೇ ನಿಮಿಷ ಬರುತ್ತದೆ. ಈ ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಕಥೆ ಸಿಕ್ಕಿಹಾಕಿಕೊಂಡಾಗ ನಿಯಮ ಸಡಿಲಿಸುವ ಆಸೆ ಬಂದೇ ಬರುತ್ತದೆ.

ಟೆಲಿಫೋನ್ ಬೇಡ, ಲೆಕ್ಕದ ಯಂತ್ರ ಇಷ್ಟ ಅನ್ನುವವರು ಚಾರ್ಲ್ಸ್ ಬ್ಯಾಬೇಜ್ ಕಡೆ ನೋಡಿ. ಅವನ ಯಂತ್ರ ಅವನ ಕಾಲದಲ್ಲಿ ಪೂರ್ತಿಯಾಗಲೇ ಇಲ್ಲ, ಆದರೆ ಲಂಡನ್ನಿನ ಸೈನ್ಸ್ ಮ್ಯೂಸಿಯಂನವರು ಅವನ ನಕ್ಷೆ ಹಿಡಿದು 1991ರಲ್ಲಿ ಡಿಫರೆನ್ಸ್ ಎಂಜಿನ್ ನಂ. 2 ಎಂಬ ಅವನ ಲೆಕ್ಕದ ಯಂತ್ರ ಕಟ್ಟಿದರು. ಹಾಗಾಗಿ ಅದರ ಹಿಡಿ ತಿರುಗಿಸಿದಾಗ ಬರುವ ನಿಜವಾದ ಸದ್ದನ್ನೇ ನೀವು ಕೇಳಬಹುದು. ಇನ್ನೊಂದು ಮಜಾ ಏನೆಂದರೆ ಬ್ಯಾಬೇಜ್‌ಗೆ ಬೀದಿ ಸಂಗೀತ ಅಂದರೆ ಮೈಯೆಲ್ಲ ಉರಿ. ಬೀದಿಯಲ್ಲಿ ಹಿಡಿ ತಿರುಗಿಸಿ ಆರ್ಗನ್ ವಾದ್ಯ ನುಡಿಸುವವರ ಮೇಲೆ ವರ್ಷಗಟ್ಟಲೆ ಜಗಳ ಕಾದ, 1864ರಲ್ಲಿ ಅವರನ್ನು ಹತೋಟಿಗೆ ತರುವ ಕಾನೂನೂ ಬಂತು.

3. ಕೇಸನ್ನು ಕೊನೆಯಿಂದ ಬರೆಯಿರಿ

ಮೊದಲು ಕೊಲೆಗಾರ ಹೇಗೆ ಸಿಕ್ಕಿಬೀಳುತ್ತಾನೆ ಅಂತ ಗೊತ್ತುಮಾಡಿ, ಆಮೇಲೆ ಹಿಂದಕ್ಕೆ ಬನ್ನಿ. ನಮ್ಮ ಕೇಸು ಹೀಗಿದೆ. ಸಲಕರಣೆ ತಯಾರಕ ತನ್ನ ಮಹಡಿ ಕೋಣೆಯಲ್ಲಿ ಸತ್ತು ಬಿದ್ದಿದ್ದಾನೆ. ಅವನ ಸಹಾಯಕ ಹೇಳುತ್ತಾನೆ: "ನಾನು ಆ ಕೋಣೆಗೆ ಹೋಗಲೇ ಇಲ್ಲ, ಆ ಯಂತ್ರ ಮುಟ್ಟಿಯೂ ಇಲ್ಲ. ಕೆಳಗೆ ಬಾಗಿಲ ಹತ್ತಿರ ಇದ್ದೆ. ಪೊಲೀಸ್ ವಿಷಲ್ ಕೇಳಿ ಗಾಬರಿಯಾಗಿ ಹೊರಗೆ ಓಡಿದೆ."

1880ರಲ್ಲಿ ಲಂಡನ್ ಪೊಲೀಸರ ಹತ್ತಿರ ವಿಷಲ್ ಎಲ್ಲಿತ್ತು? ಇನ್ಸ್‌ಪೆಕ್ಟರ್‌ಗೆ ಇದು ಶುದ್ಧ ಸುಳ್ಳು ಅನ್ನಿಸುತ್ತದೆ. ಆದರೆ ಇಲ್ಲಿ ತಿರುವು. ಅವನು ವಿಷಲ್ ಕೇಳಿದ್ದು ನಿಜ. 1885ರ ವಿಷಲ್ ಕೇಳಿಸಬೇಕಾದರೆ ಆ ಯಂತ್ರ ಅವನ ಕಿವಿಯಲ್ಲಿ ಇರಲೇಬೇಕು. ಯಂತ್ರ ಇದ್ದದ್ದು ಹೆಣದ ಪಕ್ಕದಲ್ಲಿ. ಅವನ ಮಾತಿನಲ್ಲಿ ನಿಜವಾಗಿದ್ದ ಒಂದೇ ವಾಕ್ಯ ಅವನನ್ನು ಹಿಡಿದುಕೊಟ್ಟಿತು. ಗಮನಿಸಿ, ಯಂತ್ರ ಕೊಲೆಗಾರನ ಹೆಸರು ಹೇಳಲಿಲ್ಲ. ತರ್ಕ ಹೇಳಿತು. ಯಂತ್ರವೇ ಕೇಸು ಬಿಡಿಸಿದರೆ ಪತ್ತೇದಾರನಿಗೆ ಸಂಬಳ ಯಾಕೆ ಕೊಡಬೇಕು?

ಓದುಗ ಹಾಳೆ ಹಿಂದಕ್ಕೆ ತಿರುಗಿಸಬಹುದು, ಪಾತ್ರೆ ತೊಳೆಯುತ್ತಾ ಕೇಳುವವರು ಹಾಗೆ ಮಾಡುವುದಿಲ್ಲ. ಹಾಗಾಗಿ ಮುಖ್ಯ ಸುಳಿವು ಮೂರು ಸಲ ಬರಬೇಕು, ಮೂರು ಬೇರೆ ವೇಷದಲ್ಲಿ. ಮೊದಲ ಕಂತಿನಲ್ಲಿ ಹೆಣ ಸಿಕ್ಕಾಗ ಬೀದಿಯಲ್ಲಿ ಗಿಲಕಿ ಕಟಕಟ ಎನ್ನುತ್ತದೆ, ಯಾರೂ ಅದರ ಬಗ್ಗೆ ಮಾತೇ ಆಡುವುದಿಲ್ಲ. ಎರಡನೇ ಕಂತಿನಲ್ಲಿ ಸಹಾಯಕ ವಿಷಲ್ ಅನ್ನುತ್ತಾನೆ, ಅದೂ ಇನ್ನೊಂದು ಜೋರಾದ ವಿಷಯದ ನಡುವೆ ಸಿಕ್ಕಿಸಿ. ಮೂರನೆಯದರಲ್ಲಿ ಯಂತ್ರದೊಳಗೆ ವಿಷಲ್ ಕೇಳಿಸುತ್ತದೆ. ಬುದ್ಧಿವಂತ ಕೇಳುಗರು ಎರಡನೇ ಕಂತಿಗೇ ಹುಬ್ಬು ಗಂಟಿಕ್ಕಲಿ, ಅದು ಒಳ್ಳೆಯದೇ.

ಸೀಸನ್ ಮುಗಿಸುವುದಕ್ಕೆ ಇತಿಹಾಸವೇ ಒಂದು ಉಡುಗೊರೆ ಕೊಟ್ಟಿದೆ. 1885ರ ಜನವರಿ 24ರ ಶನಿವಾರ, ಐರ್ಲೆಂಡಿನ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಫೀನಿಯನ್ನರು ಲಂಡನ್ ಟವರ್, ವೆಸ್ಟ್‌ಮಿನ್‌ಸ್ಟರ್ ಹಾಲ್ ಮತ್ತು ಹೌಸ್ ಆಫ್ ಕಾಮನ್ಸ್‌ನಲ್ಲಿ ಬಾಂಬ್ ಸಿಡಿಸಿದರು. 1880ರ ಜನವರಿ 24 ಕೂಡ ಶನಿವಾರವೇ! ನಮ್ಮ ನಾಯಕಿ (ಅವಳು ಯಾರೆಂದು ಮುಂದೆ ಹೇಳುತ್ತೇನೆ) ಯಂತ್ರ ಹಿಡಿದು ವೆಸ್ಟ್‌ಮಿನ್‌ಸ್ಟರ್‌ಗೆ ಹೋಗಲಿ. ಕಿವಿಯೊಳಗೆ ಸ್ಫೋಟ, ಹೊರಗೆ ಮಾಮೂಲಿ ಮಧ್ಯಾಹ್ನ. ಎರಡನೇ ಸೀಸನ್ ತಾನಾಗೇ ಶುರುವಾಯಿತು.

4. ಪಾತ್ರಗಳನ್ನು ಗಂಟಲಿನಿಂದ ಆರಿಸಿ

ಒಂದು ದೃಶ್ಯದಲ್ಲಿ ಮೂರು ಜನಕ್ಕಿಂತ ಜಾಸ್ತಿ ಬೇಡ. ಇಬ್ಬರು ಗಂಡಸರ ದನಿ ಒಂದೇ ತರಹ ಇದ್ದರೆ ಒಬ್ಬರನ್ನು ಬದಲಿಸಿ, ಎಷ್ಟು ಒಳ್ಳೆ ನಟರಾದರೂ ಸರಿ.

ಪೈಪು ಸೇದುವ, ಬೂದಿ ನೋಡಿ ಊರು ಹೇಳುವ ಜಾಣ ಈಗಾಗಲೇ ಬೇಕಾದಷ್ಟಿದ್ದಾನೆ. ಅದೆಲ್ಲ ಕಣ್ಣಿನ ಜಾಣತನ ಬೇರೆ. ನಮಗೆ ಕಿವಿಯ ಜಾಣೆ ಬೇಕು. ಟೆಲಿಗ್ರಾಫ್ ಕ್ಲರ್ಕ್ ಹೇಗೆ? ಆಗ ಲಂಡನ್ನಿನ ಕೇಂದ್ರ ಟೆಲಿಗ್ರಾಫ್ ಕಚೇರಿಯಲ್ಲಿ ನೂರಾರು ಹೆಂಗಸರು ಕೆಲಸ ಮಾಡುತ್ತಿದ್ದರು. ಪಳಗಿದ ಕ್ಲರ್ಕಿಗೆ ಟಿಕ್ ಸದ್ದಿನ ಲಯ ಕೇಳಿದರೆ ಆಚೆ ಕಡೆ ಕೂತವರು ಯಾರೆಂದು ಗೊತ್ತಾಗುತ್ತಿತ್ತು. ಪೊಲೀಸರಿಗೂ ಟೆಲಿಗ್ರಾಫ್ ಹೊಸದಲ್ಲ. 1845ರಲ್ಲೇ ಸ್ಲೋ ಸ್ಟೇಷನ್ನಿನಿಂದ ಪ್ಯಾಡಿಂಗ್ಟನ್‌ಗೆ ಹೋದ ಒಂದು ಸಂದೇಶ ರೈಲು ಹತ್ತಿ ತಪ್ಪಿಸಿಕೊಂಡ ಕೊಲೆಗಾರನನ್ನು ಹಿಡಿಸಿತ್ತು. ನಮ್ಮ ಕ್ಲರ್ಕಿಗೆ ಹ್ಯಾರಿಯೆಟ್ ಕೋಲ್ ಅಂತ ಹೆಸರಿಡೋಣ, ಇನ್ಸ್‌ಪೆಕ್ಟರ್‌ಗೆ ಪ್ರ್ಯಾಟ್.

ಕನ್ನಡದ ಪಾತ್ರ ಬೇಕೇ ಬೇಕು ಅನ್ನುವವರಿಗೆ: ಲಂಡನ್ನಿನ ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನದ ಗಣಿಗೆ ಕೈ ಹಾಕಿದ್ದು 1880ರಲ್ಲೇ. ಗಣಿಯ ಷೇರು, ಮೋಸ, ಕಾಗದಪತ್ರ ಅಂತ ಒಂದು ಎಳೆ ಅಲ್ಲಿಂದ ಬರಬಹುದು. ಆದರೆ ಕಥೆಗೆ ಅಗತ್ಯ ಇದ್ದರೆ ಮಾತ್ರ. ಇಲ್ಲದಿದ್ದರೆ ಅದು ಬರೀ ಅಂಟಿಸಿದ ಹಾಗೆ ಕಾಣುತ್ತದೆ.

5. ಲಂಡನ್ನಿನವರು ಯಾವ ಕನ್ನಡ ಮಾತಾಡಬೇಕು?

ಹೆಚ್ಚಿನವರು ಎಡವುವುದು ಇಲ್ಲಿ. ಕಾಕ್ನಿ (ಲಂಡನ್ನಿನ ದುಡಿಯುವ ಜನರ ಇಂಗ್ಲಿಷ್) ಮಾತಾಡುವ ಗಾಡಿಯವನ ಬಾಯಿಗೆ ಹುಬ್ಬಳ್ಳಿ ಕನ್ನಡವನ್ನೋ ಮಂಡ್ಯದ ಕನ್ನಡವನ್ನೋ ಹಾಕಿದರೆ ಕೇಳುಗ ಆ ಕ್ಷಣವೇ ಲಂಡನ್ ಬಿಟ್ಟು ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತಾನೆ. ಇನ್ನೊಂದು ಬೇಸರವೂ ಇದೆ: ಒಂದು ಸೀಮೆಯ ಮಾತು ಯಾವಾಗಲೂ ಆಳುಗಳಿಗೂ ಕಳ್ಳರಿಗೂ ಮೀಸಲಾಗಿಬಿಡುತ್ತದೆ. ನನಗೆ ಇದು ಸುತರಾಂ ಹಿಡಿಸುವುದಿಲ್ಲ.

ಅದರ ಬದಲು ಮೇಲು ಕೀಳನ್ನು ನೀನು-ನೀವುಗಳಲ್ಲಿ, ವಾಕ್ಯದ ಉದ್ದದಲ್ಲಿ ತೋರಿಸಿ. ಪ್ರ್ಯಾಟ್ ಗಾಡಿಯವನಿಗೆ "ನೀನು" ಅನ್ನಲಿ, ಹ್ಯಾರಿಯೆಟ್‌ಗೆ "ನೀವು, ಮಿಸ್ ಕೋಲ್" ಅನ್ನಲಿ. ಶ್ರೀಮಂತ ಮನೆಯೊಡತಿ ವಾಕ್ಯ ಪೂರ್ತಿ ಮುಗಿಸಲಿ, ಗಾಡಿಯವನು ಅರ್ಧ ನುಂಗಲಿ. ಗಾಡಿಯವನು "ಸಾಹೇಬ್ರೆ" ಅಂದರೆ ನಡೆಯುತ್ತದೆ, "ಬುದ್ಧಿ" ಅಂದರೆ ಹಳ್ಳಿಯ ಗೌಡರ ಮನೆ ಜಗಲಿ ಕಣ್ಣಿಗೆ ಬರುತ್ತದೆ. ಹಾಗೇ ಹಳೇ ಕಾಲ ಅಂತ ಎಲ್ಲರ ಬಾಯಲ್ಲೂ ಪೌರಾಣಿಕ ನಾಟಕದ ಭಾಷೆ ಬೇಡ. ಕೆಲವು ಮಾತುಗಳನ್ನು ಹಾಗೇ ಬಿಡಿ: ಶಿಲಿಂಗ್, ಕಾನ್‌ಸ್ಟೆಬಲ್, ಹ್ಯಾನ್ಸಮ್ (ಬಾಡಿಗೆ ಕುದುರೆ ಗಾಡಿ).

6. ಸ್ಕ್ರಿಪ್ಟು

ಒಂದು ಪುಟ ಅಂದಾಜು ಒಂದು ನಿಮಿಷ. ಕಂತು 20ರಿಂದ 25 ನಿಮಿಷ ಇದ್ದರೆ ಸಾಕು. ಆಕಾಶವಾಣಿಯ ನಾಟಕ ಕೇಳಿ ಬೆಳೆದ ನಮಗೆ ನಿರೂಪಕ ಅಭ್ಯಾಸವಾಗಿದ್ದಾನೆ, ಆದರೆ ಅವನನ್ನು ಸುಮ್ನೆ ಕರೆಯಬೇಡಿ. "ಅಗೋ, ಅವನ ಕೈಯಲ್ಲಿ ಚಾಕು!" ತರಹದ ಮಾತುಗಳನ್ನಂತೂ ಹುಡುಕಿ ಹುಡುಕಿ ತೆಗೆಯಿರಿ. ಮೂರನೇ ಕಂತಿನ ಆ ಜಾಗವನ್ನು ಹೀಗೆ ಬರೆಯಬಹುದು:

ದೃಶ್ಯ 7. ರಾತ್ರಿ. ಸಲಕರಣೆ ಅಂಗಡಿಯ ಮಹಡಿ.
(ಗ್ಯಾಸ್ ದೀಪದ ಸಣ್ಣ ಸುಯ್. ಹೊರಗೆ ದೂರದಲ್ಲಿ ಒಂದು ಗಾಡಿ. ತಂತಿ ಸಿಕ್ಕಿಸುವ ಸದ್ದು.)
ಪ್ರ್ಯಾಟ್: ಏನಾದ್ರೂ ಕೇಳಿಸ್ತಾ?
ಹ್ಯಾರಿಯೆಟ್: ಮಾತಾಡಬೇಡಿ.
(ದೀಪದ ಸುಯ್ ತಟ್ಟನೆ ನಿಲ್ಲುತ್ತದೆ. ಕೋಣೆಯೇ ಇಲ್ಲ. ಬರೀ ಕರಕರ. ಅದರೊಳಗೆ ಚಕ್ರ, ಜನ. ಆಮೇಲೆ ಉದ್ದನೆಯ ಒಂದು ವಿಷಲ್.)
ಹ್ಯಾರಿಯೆಟ್: (ಮೈಕಿಗೆ ತೀರಾ ಹತ್ತಿರ) ಇನ್ಸ್‌ಪೆಕ್ಟರ್, ನಿಮ್ಮ ಬೀಟ್ ಪೊಲೀಸರ ಹತ್ತಿರ ಏನಿರುತ್ತೆ?
(ಕೋಣೆಯ ಸದ್ದು ವಾಪಸ್.)
ಪ್ರ್ಯಾಟ್: (ದೂರದಿಂದ) ಗಿಲಕಿ. ಯಾಕೆ?

ಯಂತ್ರ ಹಾಕಿಕೊಂಡ ಕೂಡಲೇ ನಾವು ಹ್ಯಾರಿಯೆಟ್‌ಳ ಕಿವಿಯೊಳಗೆ ಹೋಗುತ್ತೇವೆ. ಕೋಣೆಯ ಸದ್ದು ಕಳೆದುಹೋಗುವುದೇ ಆ ಬದಲಾವಣೆಯ ಗುರುತು. ಸಿನಿಮಾದ ವೂಶ್ ಸದ್ದು ಬೇಡ. ಇಡೀ ಸರಣಿಯಲ್ಲಿ ಇದನ್ನು ಹೀಗೇ ಇಟ್ಟುಕೊಳ್ಳಿ, ಎರಡನೇ ಸಲಕ್ಕೆ ಕೇಳುಗರಿಗೆ ತಾನಾಗೇ ಅರ್ಥವಾಗುತ್ತದೆ.

7. ಸದ್ದು ಮಾಡುವುದು

ಕುದುರೆಗೆ ತೆಂಗಿನ ಕರಟ, ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ನಡಿಗೆ. ಕುದುರೆ ನಿಧಾನಕ್ಕೆ ನಡೆದರೆ ನಾಲ್ಕು ಬಡಿತ, ಕುಕ್ಕುಲೋಟದಲ್ಲಿ ಎರಡೆರಡು. ಕಲ್ಲಿನ ಬೀದಿಗೆ ಕಡಪ ಕಲ್ಲಿನ ಮೇಲೆ ಬಡಿಯಿರಿ; ಮರದ ದಿಮ್ಮಿ ಹಾಸಿದ ಬೀದಿಗಳೂ ಲಂಡನ್ನಿನಲ್ಲಿದ್ದವು, ಅದಕ್ಕೆ ಹಲಗೆ. ಹ್ಯಾನ್ಸಮ್ ಗಾಡಿಗೆ ಒಂದೇ ಕುದುರೆ, ಎರಡೇ ಚಕ್ರ. ನಾಲ್ಕು ಕುದುರೆ ಓಡಿಸಬೇಡಿ. ಅದರ ಚಾಲಕ ಕೂರುವುದು ಹಿಂದೆ, ಎತ್ತರದಲ್ಲಿ. ಒಳಗಿನವರ ಜೊತೆ ಚಾವಣಿಯ ಒಂದು ಸಣ್ಣ ಕಿಂಡಿಯಿಂದ ಮಾತಾಡುತ್ತಿದ್ದ. ಅಂದರೆ ಗಾಡಿಯವನ ದನಿ ತಲೆ ಮೇಲಿಂದ, ಕಿಂಡಿ ತೆರೆದಾಗ ಮಾತ್ರ, ಬೀದಿಯ ಗದ್ದಲವನ್ನೂ ಹೊತ್ತುಕೊಂಡು ಬರಬೇಕು. ಕಿಂಡಿ ಮುಚ್ಚಿದರೆ ಒಳಗಿಬ್ಬರ ಗುಟ್ಟು ಮಾತು. ಇಷ್ಟು ಒಳ್ಳೆ ರಂಗಮಂಚ ಪುಕ್ಕಟೆ ಸಿಕ್ಕಿರುವಾಗ ಎಲ್ಲ ದೃಶ್ಯವನ್ನೂ ದಿವಾನಖಾನೆಯಲ್ಲೇ ಇಡುವವರನ್ನು ಕಂಡರೆ ನನಗೆ ಆಶ್ಚರ್ಯ.

ಕಾಯಿಲೆ ಬಿದ್ದವರ ಮನೆ ಮುಂದೆ ಬೀದಿಗೆ ಹುಲ್ಲು ಹಾಸುವ ರೂಢಿ ಆಗ ಇತ್ತು, ಚಕ್ರದ ಸದ್ದು ಕಡಿಮೆಯಾಗಲಿ ಅಂತ. ಗಡಗಡ ಹೋಗುತ್ತಿದ್ದ ಗಾಡಿ ಒಂದು ಮನೆ ಮುಂದೆ ತಟ್ಟನೆ ಮೆತ್ತಗಾಗಿ ಮತ್ತೆ ಗಡಗಡ ಅಂದರೆ, ಕಣ್ಣು ಕಟ್ಟಿಕೊಂಡು ಹೋದ ಪತ್ತೇದಾರನಿಗೂ ದಾರಿ ಗೊತ್ತಾಗುತ್ತದೆ.

ಮಂಜಿಗೆ ಅದರದ್ದೇ ಸದ್ದಿಲ್ಲ. ಆದರೆ ಮಂಜು ಕವಿದಾಗ ರೈಲು ಹಳಿಯ ಮೇಲೆ ಸಣ್ಣ ಸಿಡಿಮದ್ದು ಇಡುತ್ತಿದ್ದರು, ಎಂಜಿನ್ ಹತ್ತಿದ ಕೂಡಲೇ ಢಂ ಅಂದು ಡ್ರೈವರ್‌ಗೆ ಎಚ್ಚರಿಕೆ ಕೊಡುತ್ತಿತ್ತು. ದೂರದಲ್ಲಿ ಎರಡು ಢಂ, ಹತ್ತಿರದಲ್ಲಿ ಯಾರದ್ದೋ ಕೆಮ್ಮು, ತಡವರಿಸುವ ಹೆಜ್ಜೆ. ಮಂಜು ಬಂತು ಅಂತ ಯಾರೂ ಹೇಳಬೇಕಾಗಿಲ್ಲ.

ಟೆಲಿಗ್ರಾಫಿನಲ್ಲಿ ಬೀಪ್ ಬೀಪ್ ಹಾಕಬೇಡಿ. ಅದು ರೇಡಿಯೊ ಬಂದ ಮೇಲಿನ ಸದ್ದು. ಆಗಿನದು ಲೋಹ ಲೋಹಕ್ಕೆ ಬಡಿಯುವ ಟಿಕ್-ಟಕ್. ಹಳೇ ಸ್ಟೇಪ್ಲರ್ ಅಥವಾ ಕ್ಲಿಪ್‌ಬೋರ್ಡಿನ ಕ್ಲಿಪ್ಪು ಸಾಕು. ಗ್ಯಾಸ್ ದೀಪಕ್ಕೆ ನಿಮ್ಮ ಅಡುಗೆ ಒಲೆಯ ಸಣ್ಣ ಉರಿ. ಗಾಲಿಗಳಿರುವ ಯಾವ ಯಂತ್ರಕ್ಕೂ ಅಜ್ಜಿಯ ಕಾಲು ತುಳಿಯುವ ಹೊಲಿಗೆ ಮಿಷನ್ ಬಂಗಾರ. ಗಿಲಕಿಗೆ ಜಾತ್ರೆಯ ಮರದ ಆಟಿಕೆ ಸಿಕ್ಕರೆ ಸರಿ, ಇಲ್ಲದಿದ್ದರೆ ಸೈಕಲ್ ಚಕ್ರದ ಕಡ್ಡಿಗಳಿಗೆ ಮರದ ಪಟ್ಟಿ ಹಿಡಿಯಿರಿ.

8. ರೆಕಾರ್ಡಿಂಗ್

ದುಬಾರಿ ಮೈಕಿಗಿಂತ ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರ ಮುಂದೆ ಕೂರುವುದು ಮುಖ್ಯ. ಬೆನ್ನ ಹಿಂದೆ ಒಂದು ದಪ್ಪ ರಗ್ಗು ನೇತುಹಾಕಿ. ಸಾಧಾರಣ ಕೋಣೆಗೆ ಕಂಡೆನ್ಸರ್‌ಗಿಂತ ಡೈನಮಿಕ್ ಮೈಕು ವಾಸಿ, ಅದು ಸುತ್ತಲಿನ ಸದ್ದನ್ನು ಕಡಿಮೆ ಹಿಡಿಯುತ್ತದೆ. ರೆಕಾರ್ಡಿಂಗ್ ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್ ಇರಲಿ, ಜೋರು ಮಾತು ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ಇರಲಿ. ಫ್ಯಾನು, ಫ್ರಿಜ್ಜು ಆರಿಸಿ. ಗಾಡಿ ಕೀಯನ್ನು ಫ್ರಿಜ್ಜಿನೊಳಗಿಟ್ಟರೆ ಹೊರಡುವಾಗ ಫ್ರಿಜ್ಜನ್ನು ಮತ್ತೆ ಆನ್ ಮಾಡುವುದು ಮರೆಯಲ್ಲ. ಪ್ರತಿ ಸೆಷನ್ನಿನ ಕೊನೆಗೆ ಯಾರೂ ಮಾತಾಡದೆ ಅರ್ಧ ನಿಮಿಷ ಕೋಣೆಯ ಮೌನವನ್ನೂ ರೆಕಾರ್ಡ್ ಮಾಡಿ, ಎಡಿಟಿಂಗಿನಲ್ಲಿ ತೇಪೆ ಹಾಕಲು ಬೇಕಾಗುತ್ತದೆ.

ಕೋಗಿಲೆ ಬಗ್ಗೆ ಹುಷಾರು. ಜನವರಿಯ ಲಂಡನ್ನಿನಲ್ಲಿ ಕೋಗಿಲೆ ಕೂಗಿದರೆ ಕಥೆ ಅಲ್ಲೇ ಮುಗಿಯಿತು. ಅದಕ್ಕಿಂತ ಅಪಾಯ ಪಕ್ಕದ ಮನೆಯ ಕುಕ್ಕರ್. ನಮ್ಮ ಇಡೀ ಕೇಸು ನಿಂತಿರುವುದು 1880ರಲ್ಲಿ ಪೊಲೀಸ್ ವಿಷಲ್ ಇರಲಿಲ್ಲ ಎಂಬುದರ ಮೇಲೆ, ಮರೆಯಬೇಡಿ! ಬೆಳಗಿನ ಅಡುಗೆ ಹೊತ್ತು ಬಿಟ್ಟು ರಾತ್ರಿ ಕೂರಿ.

ನಟರು ಒಟ್ಟಿಗೆ ಸೇರಲು ಆಗದಿದ್ದರೆ, ಕಡೇಪಕ್ಷ ಫೋನಿನಲ್ಲಿ ಎದುರಿನವರ ಮಾತು ಕೇಳುತ್ತಾ ಹೇಳಲಿ. ಒಂಟಿಯಾಗಿ ಓದಿದ ಮಾತುಗಳನ್ನು ಜೋಡಿಸಿದರೆ ಗೊತ್ತಾಗಿಯೇ ಆಗುತ್ತದೆ.

9. ಮಿಕ್ಸಿಂಗ್

ಎಡಿಟಿಂಗ್ ಸಾಫ್ಟ್‌ವೇರ್‌ಗಳಲ್ಲಿ ಆಡಾಸಿಟಿ ಪುಕ್ಕಟೆ ಸಿಗುತ್ತದೆ, ಟ್ರ್ಯಾಕುಗಳು ಜಾಸ್ತಿಯಾದರೆ ರೀಪರ್ ಅನುಕೂಲ. ಮೊದಲು ಮಾತು ಮಾತ್ರ ಜೋಡಿಸಿ ಪೂರ್ತಿ ಕೇಳಿ. ಅದು ಬೋರ್ ಹೊಡೆದರೆ ಸದ್ದು ಹಾಕಿ ಉಳಿಸಲು ಆಗುವುದಿಲ್ಲ, ಸ್ಕ್ರಿಪ್ಟಿಗೆ ವಾಪಸ್ ಹೋಗಿ. ಆಮೇಲೆ ಒಂದೊಂದು ಜಾಗಕ್ಕೆ ಎರಡು ಮೂರು ಸದ್ದು ಸಾಕು. ದೂರದವುಗಳಿಗೆ ಮೇಲಿನ ಫ್ರೀಕ್ವೆನ್ಸಿ ಕತ್ತರಿಸಿ. ಕಿವಿಯಂತ್ರದ ಸದ್ದಿಗೆ ಕೆಳಗಿನದನ್ನೂ ಮೇಲಿನದನ್ನೂ ಕತ್ತರಿಸಿ ನಡುವಿನದು ಮಾತ್ರ ಉಳಿಸಿ, ಹಳೇ ಟೆಲಿಫೋನಿನ ಹಾಗೆ. ಕೊನೆಯ ಜೋರು ಸ್ಟೀರಿಯೊದಲ್ಲಿ ಮೈನಸ್ 16 ಲಫ್ಸ್ (LUFS, ಒಟ್ಟಾರೆ ಜೋರಿನ ಅಳತೆ) ಸುತ್ತಮುತ್ತ ಇರಲಿ, ಪೀಕ್ ಮೈನಸ್ 1 ಡೆಸಿಬೆಲ್ ದಾಟದಿರಲಿ. ಹೆಡ್‌ಫೋನಿನಲ್ಲಿ ಕೇಳಿದ್ದು ಸಾಲದು, ಫೋನಿನ ಸ್ಪೀಕರಿನಲ್ಲಿ ಬಸ್ಸಿನೊಳಗೂ ಕೇಳಿ.

10. ಬಿಡುವ ಮೊದಲು

ಕಥೆ ಗೊತ್ತಿಲ್ಲದ ನಾಲ್ಕೈದು ಜನಕ್ಕೆ ಮೊದಲ ಎರಡು ಕಂತು ಕೊಡಿ. "ಹೇಗಿದೆ?" ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. "ಹೆಣ ಸಿಕ್ಕಾಗ ಬೀದಿಯಲ್ಲಿ ಏನು ಸದ್ದು ಕೇಳಿಸಿತು? ಸಹಾಯಕ ಏನು ಕೇಳಿ ಓಡಿದ?" ಅಂತ ಕೇಳಿ. ಮೊದಲ ಪ್ರಶ್ನೆಗೆ ಯಾರೂ ಉತ್ತರ ಕೊಡದಿದ್ದರೆ ಗಿಲಕಿ ಜೋರು ಮಾಡಿ, ಅಥವಾ ಅದರ ಮುಂದಿನ ಮಾತು ಸ್ವಲ್ಪ ತಡವಾಗಿ ಬರಲಿ. ಎಲ್ಲರೂ ಎರಡನ್ನೂ ಕೂಡಿಸಿ ಕೊಲೆಗಾರನನ್ನು ಹೇಳಿಬಿಟ್ಟರೆ ವಿಷಲ್ ಮಾತನ್ನು ಇನ್ನೂ ಸ್ವಲ್ಪ ಮುಚ್ಚಿಡಿ.

ಇಂಟರ್‌ನೆಟ್ಟಿನಿಂದ ಸದ್ದು ತೆಗೆದುಕೊಂಡಿದ್ದರೆ ಪ್ರತಿಯೊಂದರ ಲೈಸೆನ್ಸ್ ನೋಡಿ. ಕೆಲವಕ್ಕೆ ಹೆಸರು ಹಾಕಲೇಬೇಕು, ಕೆಲವನ್ನು ದುಡ್ಡು ಮಾಡುವ ಕೆಲಸಕ್ಕೆ ಬಳಸುವ ಹಾಗಿಲ್ಲ. ತೆಗೆದುಕೊಂಡ ದಿನವೇ ಒಂದು ಪಟ್ಟಿಯಲ್ಲಿ ಬರೆದಿಡಿ, ಕೊನೆಗೆ ಹುಡುಕಲು ಹೋದರೆ ಸಿಗಲ್ಲ. ಮೂರು ಕಂತಾದರೂ ಪೂರ್ತಿ ತಯಾರಾಗಿ ಕೈಯಲ್ಲಿದ್ದ ಮೇಲೆ ಮೊದಲನೆಯದನ್ನು ಬಿಡಿ. ಎರಡನೇ ಕಂತು ಅದರ ಮರುವಾರವೇ ಬರಲಿ. ತಿಂಗಳು ಬಿಟ್ಟು ಬಂದರೆ ಗಿಲಕಿಯ ಸದ್ದು ಯಾರ ನೆನಪಿನಲ್ಲೂ ಇರುವುದಿಲ್ಲ.